ಬೇಕಾದ್ದಕ್ಕಷ್ಟೇ ಕಾಸು: ಕೇಬಲ್ ಕಾಲದಿಂದ ಓಟಿಟಿ ಕಾಲಕ್ಕೆ

ಊರಿನಲ್ಲಿ ಕೇಬಲ್ ಟಿವಿ ನಡೆಸುವವರು ನೋಂದಣಿಗಾಗಿ ಹೆಡ್ ಪೋಸ್ಟಾಫೀಸಿಗೆ ಹೋಗಬೇಕಿತ್ತು. 1994ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಹೊರಟು 1995ರಲ್ಲಿ ಕಾಯ್ದೆಯಾದ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾನೂನು ಮಾಡಿದ ವ್ಯವಸ್ಥೆ ಅದು. ನಮೂನೆ ತುಂಬಿ, ಸಣ್ಣದೊಂದು ಶುಲ್ಕ ಕಟ್ಟಿದರೆ ಒಂದು ವರ್ಷದ ಮಟ್ಟಿಗೆ ಪರವಾನಗಿ. ಮುಂದಿನ ವರ್ಷ ಮತ್ತೆ ಹೋಗಿ ನವೀಕರಿಸಿಕೊಳ್ಳಬೇಕಿತ್ತು. ರೇಡಿಯೊ, ಟಿವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಅದನ್ನು ಕೊಡುತ್ತಿದ್ದುದೂ ಪೋಸ್ಟಾಫೀಸೇ. 1980ರ ದಶಕದ ನಡುವೆ ಆ ಲೈಸೆನ್ಸ್ ರದ್ದಾದರೂ ಟಿವಿಗೂ ಅಂಚೆಗೂ ಇದ್ದ ನಂಟು ಹೀಗೆ ಇನ್ನೊಂದು ರೂಪದಲ್ಲಿ ಮುಂದುವರಿಯಿತು.

ಕಾನೂನು ಬರುವ ಹೊತ್ತಿಗೆ ತಂತಿ ಆಗಲೇ ಬೀದಿಬೀದಿಗೆ ಹಬ್ಬಿತ್ತು. ಯಾರೂ ಅನುಮತಿ ಕೊಟ್ಟಿರಲಿಲ್ಲ, ಯಾರೂ ತಡೆದಿರಲೂ ಇಲ್ಲ. ನಮ್ಮ ದೇಶದಲ್ಲಿ ಜನ ದುಡ್ಡು ಕೊಟ್ಟು ಟಿವಿ ನೋಡುವ ಪದ್ಧತಿ ಶುರುವಾದದ್ದೇ ಸರ್ಕಾರದ ಕಣ್ಣು ತಪ್ಪಿಸಿ. ಅಲ್ಲಿಂದೀಚೆಗೆ ಒಂದೇ ಪ್ರಶ್ನೆ ರೂಪ ಬದಲಿಸುತ್ತ ನಮ್ಮ ಮುಂದೆ ಬರುತ್ತಿದೆ: ನೋಡದ ಚಾನೆಲ್‌ಗೆ ನಾನೇಕೆ ದುಡ್ಡು ಕೊಡಬೇಕು?

ಕರ್ನಾಟಕದ ಮೊದಲ ಟಿವಿ ಅನುಭವ ಪುಕ್ಕಟೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದ ಸೈಟ್ ಪ್ರಯೋಗದಲ್ಲಿ ನಮ್ಮ ಕಲಬುರಗಿ ಸೀಮೆಯೂ ಇತ್ತು. ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಇಟ್ಟ ಒಂದು ಸೆಟ್ಟಿನ ಮುಂದೆ ಇಡೀ ಊರು ಕೂರುತ್ತಿತ್ತು. 1977ರಲ್ಲಿ ಕಲಬುರಗಿಗೆ, 1981ರ ನವೆಂಬರ್‌ನಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂತು. 1987ರ ಜನವರಿಯಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಗ್ಗೆ ಬೀದಿಗಳು ಖಾಲಿಯಾಗುತ್ತಿದ್ದುದನ್ನು ಆ ತಲೆಮಾರಿನವರು ಇವತ್ತಿಗೂ ಹೇಳುತ್ತಾರೆ. ಆಯ್ಕೆ ಇರಲಿಲ್ಲ, ತಿಂಗಳ ಬಿಲ್ಲೂ ಇರಲಿಲ್ಲ.

ಎರಡೂ ಒಟ್ಟಿಗೇ ಬಂದವು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಶುರುವಾದಾಗ ದೊಡ್ಡ ನಗರಗಳ ದೊಡ್ಡ ಹೋಟೆಲುಗಳು ಡಿಶ್ ಕಟ್ಟಿ ಸಿಎನ್‌ಎನ್ ತೋರಿಸಿದವು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿಯ ಚಾನೆಲ್‌ಗಳು ಆಕಾಶದಿಂದ ಇಳಿದವು. 1992ರ ಅಕ್ಟೋಬರ್‌ನಲ್ಲಿ ಜೀ, 1993ರ ಏಪ್ರಿಲ್‌ನಲ್ಲಿ ತಮಿಳಿನ ಸನ್, 1994ರ ಜೂನ್‌ನಲ್ಲಿ ಕನ್ನಡದ ಮೊದಲ ಉಪಗ್ರಹ ಚಾನೆಲ್ ಉದಯ ಬಂತು. ಅದಕ್ಕೂ ಮುಂಚೆಯೇ ವಿಸಿಆರ್ ಇಟ್ಟುಕೊಂಡು ನಾಲ್ಕಾರು ಬೀದಿಗಳ ಮನೆಗಳಿಗೆ ತಂತಿ ಎಳೆದು, ರಾತ್ರಿ ಒಂದು ಸಿನಿಮಾ ಹಾಕುತ್ತಿದ್ದ ಹುಡುಗರು ಊರೂರಲ್ಲಿ ಇದ್ದರು. ಅವರೇ ಈಗ ತಾರಸಿಯ ಮೇಲೆ ಡಿಶ್ ಕಟ್ಟಿದರು. ಕೇಬಲ್ ಆಪರೇಟರ್ ಎಂಬ ಕಸುಬು ಹುಟ್ಟಿದ್ದು ಹೀಗೆ.

ಆ ಕಸುಬನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಚಿಕ್ಕ ಕೋಣೆ. ಅದೇ ಕಂಟ್ರೋಲ್ ರೂಮು. ತಾರಸಿಯಲ್ಲಿ ಒಂದೊಂದು ಉಪಗ್ರಹಕ್ಕೆ ಮುಖ ಮಾಡಿದ ಒಂದೊಂದು ಡಿಶ್, ಒಳಗೆ ರ‍್ಯಾಕಿನಲ್ಲಿ ಚಾನೆಲ್‌ಗೊಂದರಂತೆ ರಿಸೀವರ್ ಮತ್ತು ಮಾಡ್ಯುಲೇಟರ್. ಅಲ್ಲಿಂದ ಹೊರಟ ಕಪ್ಪು ಕೇಬಲ್ಲು ಕರೆಂಟು ಕಂಬದಿಂದ ತೆಂಗಿನ ಮರಕ್ಕೆ, ಅಲ್ಲಿಂದ ಎದುರು ಮನೆಯ ಪ್ಯಾರಾಪೆಟ್ ಗೋಡೆಗೆ ಹಾರುತ್ತ ಹೋಗುತ್ತಿತ್ತು. ದೂರ ಹೋದಷ್ಟೂ ಸಿಗ್ನಲ್ ಸೊರಗುತ್ತದಾದ್ದರಿಂದ ನಡುನಡುವೆ ಆಂಪ್ಲಿಫೈಯರ್. ಕೊನೆಯ ಮನೆಯವರಿಗೆ ಯಾವಾಗಲೂ ಚುಕ್ಕೆಚುಕ್ಕೆ ಚಿತ್ರ. ಮಳೆಗಾಲದಲ್ಲಿ ಸಿಡಿಲು ಹೊಡೆದು ಆಂಪ್ಲಿಫೈಯರ್ ಸುಟ್ಟರೆ ರಾತ್ರಿಯೇ ಏಣಿ ಹೊತ್ತು ಹೊರಡಬೇಕು. ಇಲ್ಲದಿದ್ದರೆ ಧಾರಾವಾಹಿ ತಪ್ಪಿದ ಮನೆಯವರ ಬಾಯಿಗೆ ಸಿಕ್ಕಬೇಕು. ತಿಂಗಳ ಮೊದಲ ವಾರ ವಸೂಲಿ. ಪ್ರತಿ ಮನೆಯಲ್ಲೂ ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ ಒಂದು ಕಾರ್ಡು, ಅದರಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಚೌಕ. ದುಡ್ಡು ಕೊಟ್ಟ ತಿಂಗಳಿಗೆ ಒಂದು ಸಹಿ. ಕೈಯಲ್ಲಿ ಕಾಸಿಲ್ಲ ಎಂದರೆ ಮುಂದಿನ ತಿಂಗಳು ಎರಡು ಸಹಿ. ಈ ಸಾಲದ ಲೆಕ್ಕ ಯಾವ ಕಂಪನಿಯ ಪುಸ್ತಕದಲ್ಲೂ ಇರಲಿಲ್ಲ.

ಯಾವ ಚಾನೆಲ್ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಅವರ ಕೈಯಲ್ಲಿತ್ತು. ಹಳೆಯ ಟಿವಿ ಸೆಟ್ಟುಗಳು ಹಿಡಿಯುತ್ತಿದ್ದ ಚಾನೆಲ್‌ಗಳು ಹನ್ನೆರಡೇ ಆದ್ದರಿಂದ ಮೊದಲ ಹನ್ನೆರಡರೊಳಗೆ ಜಾಗ ಸಿಕ್ಕಿದವರೇ ಭಾಗ್ಯವಂತರು. ದೂರದರ್ಶನವನ್ನು ತೋರಿಸಲೇಬೇಕೆಂದು ಕಾಯ್ದೆಯೇ ಕಡ್ಡಾಯ ಮಾಡಿತ್ತು. ಉಳಿದವರು ಒಳಗೆ ಬರಲು ಆಪರೇಟರನ್ನು ಒಲಿಸಿಕೊಳ್ಳಬೇಕು. ಮುಂದೆ ಇದಕ್ಕೆ ಕ್ಯಾರೇಜ್ ಫೀ ಎಂಬ ಹೆಸರು ಬಂದು ದೊಡ್ಡ ವ್ಯವಹಾರವೇ ಆಯಿತು. ಅದೇ ಅಧಿಕಾರದ ಇನ್ನೊಂದು ಮುಖವೂ ಇತ್ತು. ಯಕ್ಷಗಾನದ ರಾತ್ರಿ, ಊರ ಜಾತ್ರೆಯ ತೇರು, ಶಾಲೆಯ ವಾರ್ಷಿಕೋತ್ಸವ, ಪುರಸಭೆಯ ಜಗಳ, ಇವಕ್ಕೆಲ್ಲ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಜಾಗವಿತ್ತು. ಮಂಗಳೂರಿನಲ್ಲಿ ವಿ4ನಂಥ ಚಾನೆಲ್ ತುಳು, ಕನ್ನಡ ಎರಡರಲ್ಲೂ ಕರಾವಳಿಯ ಸುದ್ದಿ ಕೊಡುತ್ತ ಬೆಳೆಯಿತು. ತುಳುವಿಗೆ ಟಿವಿಯಲ್ಲಿ ಹೀಗೆ ದಿನನಿತ್ಯದ ಮನೆ ಮಾಡಿಕೊಟ್ಟದ್ದು ಈ ಸ್ಥಳೀಯ ಕೇಬಲ್ಲೇ. ಇದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಎಲ್ಲ ಚಾನೆಲ್‌ಗಳನ್ನೂ ಒಂದೇ ದರಕ್ಕೆ ಕೊಡುತ್ತಿದ್ದ ಆ ಒಟ್ಟು ಕಟ್ಟಿನ ವ್ಯವಸ್ಥೆ ಕನ್ನಡಕ್ಕೆ ಒಂದು ದೊಡ್ಡ ಆಸರೆಯಾಗಿತ್ತು ಎಂಬುದು ಈ ಲೇಖನದಲ್ಲಿ ನಾನು ಹೇಳಹೊರಟ ಮಾತು. ಕರ್ನಾಟಕದ ಒಂದು ಮನೆ ಕೇಬಲ್ ಹಾಕಿಸಿಕೊಂಡರೆ ಕನ್ನಡ ಚಾನೆಲ್ ತಾನಾಗಿ ಬರುತ್ತಿತ್ತು. ಕೇಳಬೇಕಿರಲಿಲ್ಲ, ಆರಿಸಬೇಕಿರಲಿಲ್ಲ. ಕ್ರಿಕೆಟ್ಟಿಗೆಂದು ಕೇಬಲ್ ಹಾಕಿಸಿಕೊಂಡ ಮನೆಯಲ್ಲೂ ಉದಯ ಬಂತು, ದೂರದರ್ಶನದ ಚಂದನ ಬಂತು. 2000ದ ಡಿಸೆಂಬರ್‌ನಲ್ಲಿ ಶುರುವಾದ ಈಟಿವಿ ಕನ್ನಡವೂ ಬಂತು. ಟಿ.ಎನ್. ಸೀತಾರಾಮ್ ಅವರ ಮಾಯಾಮೃಗ ಧಾರಾವಾಹಿ ದೂರದರ್ಶನದಲ್ಲಿ ಮನೆಮಾತಾಯಿತು; ಆಮೇಲೆ ಅವರದೇ ಮುಕ್ತದ ಕೋರ್ಟ್ ದೃಶ್ಯಗಳಿಗೆ ರಾತ್ರಿ ಊಟವನ್ನು ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದ ಮನೆಗಳು ಎಷ್ಟೋ. ನಂತರ 2006ರಲ್ಲಿ ಜೀ ಕನ್ನಡ, ಅದೇ ವರ್ಷದ ಕೊನೆಗೆ ಟಿವಿ9, 2007ರಲ್ಲಿ ಸುವರ್ಣ. ಇಷ್ಟು ಚಾನೆಲ್‌ಗಳು, ಅವುಗಳಲ್ಲಿ ಬರೆಯುವವರು, ನಟಿಸುವವರು, ಲೈಟ್ ಹಿಡಿಯುವವರು, ಎಲ್ಲರ ಅನ್ನಕ್ಕೆ ಜಾಹೀರಾತಿನ ಜೊತೆಗೆ ತಳಪಾಯವಾದದ್ದು ಈ ತಲುಪುವಿಕೆ. ನೋಡುವವನೂ ನೋಡದವನೂ ಒಂದೇ ನೂರು ರೂಪಾಯಿಯ ಆಸುಪಾಸಿನಲ್ಲಿ ಅದನ್ನೆಲ್ಲ ಹೊತ್ತುಕೊಂಡಿದ್ದರು.

ಜಗಳ ಹತ್ತಿದ್ದು ಪೇ ಚಾನೆಲ್‌ಗಳಿಂದ. ಮೊದಮೊದಲು ಬಹುಪಾಲು ಚಾನೆಲ್‌ಗಳು ಪುಕ್ಕಟೆ. 1990ರ ದಶಕದ ನಡುವಿನಿಂದ ಕ್ರೀಡೆ ಮತ್ತು ಸಿನಿಮಾ ಚಾನೆಲ್‌ಗಳು ಒಂದೊಂದಾಗಿ ಸಿಗ್ನಲ್‌ಗೆ ಬೀಗ ಹಾಕಿ, ಮನೆಯೊಂದಕ್ಕೆ ಇಷ್ಟು ಎಂದು ದರ ಕೇಳತೊಡಗಿದವು. ಆದರೆ ಅನಲಾಗ್ ತಂತಿಯಲ್ಲಿ ಯಾವ ಮನೆ ಏನು ನೋಡುತ್ತದೆ ಎಂದು ಎಣಿಸುವ ಉಪಾಯವಿರಲಿಲ್ಲ. ಐನೂರು ಮನೆ ಇರುವ ಆಪರೇಟರ್ ನೂರು ಎಂದು ಬರೆದುಕೊಟ್ಟರೆ ಅದೇ ಸತ್ಯ. ಚಾನೆಲ್‌ನವರು ಈ ಸುಳ್ಳನ್ನು ಮೊದಲೇ ಲೆಕ್ಕಕ್ಕೆ ಹಿಡಿದು ದರ ಏರಿಸಿದರು. ಆಪರೇಟರುಗಳು ಆ ಏರಿಕೆಯನ್ನು ತೋರಿಸಿ ಮನೆಗಳ ಮೇಲೆ ಹಾಕಿದರು. 2000ದ ಜುಲೈನಲ್ಲಿ ಕೌನ್ ಬನೇಗಾ ಕರೋಡ್‌ಪತಿ ಬಂದ ಮೇಲಂತೂ ಸ್ಟಾರ್ ಪ್ಲಸ್ ಇಲ್ಲದ ಕೇಬಲ್ಲನ್ನು ಮಾರುವುದೇ ಕಷ್ಟವಾಯಿತು.

ಸುಷ್ಮಾ ಸ್ವರಾಜ್ ವಾರ್ತಾ ಮಂತ್ರಿಯಾಗಿದ್ದಾಗ, 2002ರ ಕೊನೆಯಲ್ಲಿ, ಸಂಸತ್ತು ಕೇಬಲ್ ಕಾಯ್ದೆಗೆ ತಿದ್ದುಪಡಿ ತಂದಿತು. ಕ್ಯಾಸ್ ಎಂದು ಎಲ್ಲರ ಬಾಯಲ್ಲಿ ಓಡಾಡಿದ ವ್ಯವಸ್ಥೆ ಅದು: ಪುಕ್ಕಟೆ ಚಾನೆಲ್‌ಗಳ ಒಂದು ಮೂಲ ಕಟ್ಟು ಎಲ್ಲರಿಗೂ; ಪೇ ಚಾನೆಲ್ ಬೇಕೆಂದರೆ ಸೆಟ್ ಟಾಪ್ ಬಾಕ್ಸ್ ಕೊಂಡು, ಬೇಕಾದ್ದನ್ನಷ್ಟೇ ಆರಿಸಿಕೊಂಡು, ಅದಕ್ಕಷ್ಟೇ ಕಾಸು ಕೊಡಿ. ಭಾರತದ ವೀಕ್ಷಕರಿಗೆ ಆಯ್ಕೆಯ ಹಕ್ಕು ಕಾನೂನಿನಲ್ಲಿ ಸಿಕ್ಕಿದ್ದು ಅಂದೇ. ನಾಲ್ಕು ಮಹಾನಗರಗಳಲ್ಲಿ ಜಾರಿಯಾಗಬೇಕಿತ್ತು. ಬಾಕ್ಸಿನ ಬೆಲೆ ಯಾರು ಕೊಡಬೇಕು, ಚುನಾವಣೆ ಹತ್ತಿರ ಬಂತಲ್ಲ ಎಂಬ ಗಲಾಟೆಯಲ್ಲಿ 2003ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯೊಂದರಲ್ಲೇ ಅದು ನೆಲೆ ನಿಂತಿತು. 2004ರ ಜನವರಿಯಲ್ಲಿ ಪ್ರಸಾರ ಕ್ಷೇತ್ರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸುಪರ್ದಿಗೆ ಬಂದ ಕೂಡಲೇ ಅದು ಮಾಡಿದ ಮೊದಲ ಕೆಲಸ ದರಗಳನ್ನು ಇದ್ದಲ್ಲೇ ನಿಲ್ಲಿಸಿದ್ದು. ಮುಂದೆ ಕೋರ್ಟಿನ ಒತ್ತಾಯದಿಂದ 2007ರ ಆರಂಭದಲ್ಲಿ ದೆಹಲಿ, ಮುಂಬೈ, ಕೋಲ್ಕತ್ತಗಳ ಕೆಲವು ಭಾಗಗಳಿಗೆ ಕ್ಯಾಸ್ ಬಂದಾಗ ಮೂಲ ಕಟ್ಟಿಗೆ 77 ರೂಪಾಯಿ, ಒಂದೊಂದು ಪೇ ಚಾನೆಲ್‌ಗೆ 5 ರೂಪಾಯಿ ಎಂದು ಟ್ರಾಯ್ ಗೊತ್ತುಮಾಡಿತು. ಬೆಂಗಳೂರಿಗೆ ಇದು ಬರಲೇ ಇಲ್ಲ. ಆ 5 ರೂಪಾಯಿ ದರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಸಿಗ್ನಲ್ ತರುವ ಡಿಟಿಎಚ್ ಬಂದ ಕತೆ ಚಿಕ್ಕದು. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಪುಕ್ಕಟೆ ಡಿಡಿ ಡೈರೆಕ್ಟ್, 2006ರಲ್ಲಿ ಟಾಟಾ ಸ್ಕೈ, ಆಮೇಲೆ ಸನ್ ಡೈರೆಕ್ಟ್, ಏರ್‌ಟೆಲ್. ತಂತಿಯೇ ಹೋಗದ ಮಲೆನಾಡಿನ ಒಂಟಿ ಮನೆಗಳಿಗೆ, ತೋಟದ ಮನೆಗಳಿಗೆ ಇದು ದೊಡ್ಡ ಉಪಕಾರ. ಹೊರನಾಡಿನ ಕನ್ನಡಿಗರಿಗೂ ಅಷ್ಟೇ. ಮುಂಬೈಯಲ್ಲೋ ದೆಹಲಿಯಲ್ಲೋ ಕೇಬಲ್‌ನವರು ಒಂದು ಕನ್ನಡ ಚಾನೆಲ್‌ಗೆ ಜಾಗ ಕೊಡಬೇಕಾದರೆ ಆ ಬೀದಿಯಲ್ಲಿ ಸಾಕಷ್ಟು ಕನ್ನಡದ ಮನೆಗಳಿರಬೇಕಿತ್ತು. ಡಿಶ್ ಹಾಕಿಸಿಕೊಂಡ ಮೇಲೆ ನೆರೆಯವರ ಭಾಷೆ ಏನೇ ಇರಲಿ, ಕನ್ನಡದ ಪ್ಯಾಕ್ ದುಡ್ಡು ಕಟ್ಟಿದರೆ ಸಿಕ್ಕಿತು. ಆಯ್ಕೆಯಿಂದ ಕನ್ನಡಕ್ಕಾದ ಲಾಭವನ್ನು ಲೆಕ್ಕ ಹಾಕುವಾಗ ಇದನ್ನು ಮೊದಲು ಬರೆಯಬೇಕು.

2011ರ ಕೊನೆಯ ಇನ್ನೊಂದು ತಿದ್ದುಪಡಿ ಅನಲಾಗ್ ತಂತಿಗೆ ಗಡುವು ಹಾಕಿತು. ಬೆಂಗಳೂರು, ಮೈಸೂರು ಸೇರಿ 38 ನಗರಗಳಿಗೆ 2013ರ ಮಾರ್ಚ್ 31 ಕೊನೆಯ ದಿನ. ಪ್ರತಿ ಟಿವಿಗೂ ಬಾಕ್ಸ್, ಪ್ರತಿ ಬಾಕ್ಸಿಗೂ ನಂಬರು. ಇಷ್ಟು ವರ್ಷ ಯಾರಿಗೂ ಎಣಿಸಲಾಗದ ಮನೆಗಳು ಒಮ್ಮೆಲೇ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡವು. ಸಣ್ಣ ಆಪರೇಟರುಗಳು ತಮ್ಮ ಕಂಟ್ರೋಲ್ ರೂಮು ಮುಚ್ಚಿ ದೊಡ್ಡ ಜಾಲಗಳ ಸಿಗ್ನಲ್ ಪಡೆದು ಹಂಚುವವರಾದರು. ತಾರಸಿಯ ಡಿಶ್‌ಗಳು ಗುಜರಿಗೆ ಹೋದವು. ಆದರೂ ಮನೆಯವರ ಬಿಲ್ಲು ಮೊದಲಿನಂತೆಯೇ ಒಂದು ಕಟ್ಟು, ಒಂದು ದರ.

ಆಯ್ಕೆ ನಿಜವಾಗಿ ಮನೆಬಾಗಿಲಿಗೆ ಬಂದದ್ದು 2019ರ ಫೆಬ್ರವರಿಯಲ್ಲಿ. ಟ್ರಾಯ್ 2017ರ ಮಾರ್ಚ್‌ನಲ್ಲೇ ಹೊಸ ದರ ಆದೇಶ ಹೊರಡಿಸಿತ್ತು. ಸ್ಟಾರ್ ಕಂಪನಿ ಕೋರ್ಟಿಗೆ ಹೋಯಿತು. ಮದ್ರಾಸ್ ಹೈಕೋರ್ಟ್ ಒಂದು ಮುಖ್ಯ ಅಂಶ ಬಿಟ್ಟು ಉಳಿದದ್ದಕ್ಕೆ ಒಪ್ಪಿತು. 2018ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಇನ್ನು ಮೇಲೆ ಪ್ರತಿ ಚಾನೆಲ್ ತನ್ನ ಬೆಲೆಯನ್ನು ತಿಂಗಳಿಗೆ ಇಷ್ಟು ಎಂದು ಪ್ರಕಟಿಸಬೇಕು. ನೂರು ಚಾನೆಲ್ ತರುವ ತಂತಿಗೆ 130 ರೂಪಾಯಿ. ಉಳಿದದ್ದೆಲ್ಲ ವೀಕ್ಷಕರ ಇಷ್ಟ.

ಆ ವಾರಗಳಲ್ಲಿ ಮನೆಮನೆಯಲ್ಲಿ ನಡೆದ ಲೆಕ್ಕ ಹೀಗಿತ್ತು. 130ಕ್ಕೆ ಶೇ 18 ಜಿಎಸ್‌ಟಿ ಸೇರಿ 153.40. ಮನೆಯವರು ಬಿಟ್ಟಿರಲಾರದ ಚಾನೆಲ್‌ಗಳು ನಾಲ್ಕು ಎಂದಿಟ್ಟುಕೊಳ್ಳಿ, ಒಂದೊಂದಕ್ಕೆ 19 ರೂಪಾಯಿ: 76. ಅದಕ್ಕೂ ತೆರಿಗೆ ಸೇರಿದರೆ 89.68. ಒಟ್ಟು 243 ರೂಪಾಯಿ 8 ಪೈಸೆ. ಇನ್ನೂ ಮಕ್ಕಳ ಕಾರ್ಟೂನ್ ಸೇರಿಲ್ಲ, ಇಂಗ್ಲಿಷ್ ಸಿನಿಮಾ ಸೇರಿಲ್ಲ. ನೂರು ಚಾನೆಲ್ ದಾಟಿದರೆ ಪ್ರತಿ 25ಕ್ಕೆ ಮತ್ತೆ 20 ರೂಪಾಯಿ. ಆಪರೇಟರ್ ಜೆರಾಕ್ಸ್ ಮಾಡಿಸಿದ ಪಟ್ಟಿ ತಂದು ಕೊಡುತ್ತಿದ್ದರು. ಸಣ್ಣ ಅಕ್ಷರಗಳಲ್ಲಿ ನೂರಾರು ಚಾನೆಲ್‌ಗಳು, ಪಕ್ಕದಲ್ಲಿ ಬೆಲೆ. ಪೆನ್ನಿನಿಂದ ಗುರುತು ಹಾಕಿ ವಾಪಸ್ ಕೊಡಬೇಕು. ಅಜ್ಜಿಗೆ ಭಕ್ತಿಗೀತೆ, ಮೊಮ್ಮಗನಿಗೆ ಕ್ರಿಕೆಟ್, ನಡುವಿನವರಿಗೆ ಧಾರಾವಾಹಿ ಮತ್ತು ಸುದ್ದಿ. ಮೊದಲ ಸಲ ಕುಟುಂಬಗಳು ಕೂತು ಯಾರಿಗೆ ಏನು ಬೇಕೆಂದು ಬಾಯಿಬಿಟ್ಟು ಕೇಳಿಕೊಂಡವು. ಆ ಮಾತುಕತೆ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡಿತ್ತು. ಎಷ್ಟೋ ಮನೆಗಳು ಗುರುತು ಹಾಕಲೇ ಇಲ್ಲ. ಅಂಥವರಿಗೆ ಬೆಸ್ಟ್ ಫಿಟ್ ಪ್ಲಾನ್ ಕೊಡಿ, ಮಾರ್ಚ್ 31ರವರೆಗೆ ಸಮಯ ಕೊಡಿ ಎಂದು ಟ್ರಾಯ್ ಹೇಳಬೇಕಾಯಿತು.

ಬೇರೆಬೇರೆ ಕಂಪನಿಗಳ ದೊಡ್ಡ ಚಾನೆಲ್‌ಗಳೆಲ್ಲ 19 ರೂಪಾಯಿಗೇ ಏಕೆ ಬಂದು ನಿಂತವು? ಇಡೀ ಕತೆಯ ಕೀಲಿ ಇಲ್ಲಿದೆ. ಚಾನೆಲ್ ಎಷ್ಟು ಬೆಲೆಯನ್ನಾದರೂ ಇಟ್ಟುಕೊಳ್ಳಬಹುದಿತ್ತು. ಆದರೆ 19 ದಾಟಿದ ಚಾನೆಲ್ಲನ್ನು ಬೊಕೆಯೊಳಗೆ, ಅಂದರೆ ಕಟ್ಟಿನೊಳಗೆ ಸೇರಿಸುವಂತಿರಲಿಲ್ಲ. ಕಂಪನಿಗಳಿಗೆ ಬೇಕಿದ್ದುದು ಕಟ್ಟೇ. ಆದ್ದರಿಂದ ಬಿಡಿ ಚಾನೆಲ್‌ಗೆ ಮಿತಿಯ ಅಂಚಿನ ಬೆಲೆ ಇಟ್ಟು, ಅದೇ ಚಾನೆಲ್ ಜೊತೆಗೆ ಹತ್ತಾರು ಸಣ್ಣ ಚಾನೆಲ್ ಸೇರಿಸಿದ ಕಟ್ಟನ್ನು ಭಾರೀ ರಿಯಾಯಿತಿಯಲ್ಲಿ ಮುಂದಿಟ್ಟರು. ಕಟ್ಟಿನ ರಿಯಾಯಿತಿ ಶೇ 15 ಮೀರಬಾರದು ಎಂದು ಟ್ರಾಯ್ ಹಾಕಿದ್ದ ಮಿತಿಯನ್ನೇ ಮದ್ರಾಸ್ ಹೈಕೋರ್ಟ್ ಹೊಡೆದುಹಾಕಿತ್ತು. ಎರಡು ಚಾನೆಲ್ ಬಿಡಿಯಾಗಿ ಕೊಂಡರೆ 38, ಇಡೀ ಕಟ್ಟು ಅದರ ಆಸುಪಾಸಿಗೇ ಸಿಗುವುದಾದರೆ ಯಾರು ಬಿಡಿಯಾಗಿ ಕೊಳ್ಳುತ್ತಾರೆ? ಕ್ಯಾಸ್ ಕಾಲದ 5 ರೂಪಾಯಿ ದರ ಈಗ ಬೇಕಾಗುತ್ತದೆ ಎಂದೆನಲ್ಲ, ಅದು ಇದಕ್ಕೆ. ಬಿಡಿ ಬೆಲೆ ನಿಜವಾಗಿ ಅಗ್ಗವಿದ್ದರೆ ಮಾತ್ರ ಆಯ್ಕೆಗೆ ಅರ್ಥ. ಟ್ರಾಯ್ ತಪ್ಪು ತಿದ್ದಿಕೊಳ್ಳಲು ನೋಡಿತು: 2020ರ ಜನವರಿ 1ರಂದು ಮಿತಿಯನ್ನು 12ಕ್ಕೆ ಇಳಿಸಿತು. ಚಾನೆಲ್‌ಗಳು ಮತ್ತೆ ಕೋರ್ಟಿಗೆ ಹೋದವು. 2022ರ ನವೆಂಬರ್‌ನಲ್ಲಿ ಮಿತಿ ತಿರುಗಿ 19ಕ್ಕೆ ಏರಿತು. 2023ರ ಫೆಬ್ರವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಜಾಲಗಳಿಗೆ ಸ್ಟಾರ್, ಜೀ, ಸೋನಿ ಸಿಗ್ನಲ್ಲನ್ನೇ ಕತ್ತರಿಸಿದಾಗ ಕೋಟ್ಯಂತರ ಮನೆಗಳಲ್ಲಿ ಪರದೆ ಕಪ್ಪಾಯಿತು.

ಅಷ್ಟರಲ್ಲಿ ಜನ ಜೇಬಿನಿಂದ ಫೋನು ತೆಗೆದಿದ್ದರು. 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್‌ನ ಜಿಯೋ ಮೊಬೈಲ್ ಸೇವೆ ಶುರುವಾಗುವ ಮುಂಚೆ ಒಂದು ಜಿಬಿ ಡೇಟಾಗೆ ಇನ್ನೂರು ರೂಪಾಯಿಗೂ ಹೆಚ್ಚು ತೆರಬೇಕಿತ್ತು. ಆ ದರದಲ್ಲಿ ಸಿನಿಮಾ ನೋಡುವುದು ಶ್ರೀಮಂತರ ಚಟ. 2015ರಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಮಾರ್ಚ್‌ನಲ್ಲಿ ವೂಟ್, ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೊ, ಹೀಗೆ ಇಂಟರ್‌ನೆಟ್ ಮೂಲಕ ನೋಡುವ ಓಟಿಟಿ ವೇದಿಕೆಗಳು ಬಂದಿದ್ದವು. ಡೇಟಾ ಅಗ್ಗವಾದ ಮೇಲೆ ಅವೆಲ್ಲ ಹಳ್ಳಿಯ ಬಸ್ ಸ್ಟ್ಯಾಂಡಿಗೂ ಇಳಿದವು. 2018ರ ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಬಂದ ಅದೇ ತಿಂಗಳು, ರಿಲಯನ್ಸ್ ದೇಶದ ಎರಡು ದೊಡ್ಡ ಕೇಬಲ್ ಜಾಲಗಳಾದ ಹಾಥ್‌ವೇ ಮತ್ತು ಡೆನ್‌ಗಳಲ್ಲಿ ಬಹುಪಾಲು ಷೇರು ಕೊಂಡಿತು. ಚಾನೆಲ್‌ಗಳ ಬೆಲೆಪಟ್ಟಿ ಹಿಡಿದು ಎಲ್ಲರೂ ಜಗಳವಾಡುತ್ತಿದ್ದಾಗ, ಮನೆಯೊಳಗೆ ಹೋಗುವ ತಂತಿಗೇ ಅದು ಬೆಲೆ ಕಟ್ಟಿತ್ತು. ಬೆಂಗಳೂರಿನಲ್ಲಿ ಕೇಬಲ್ ಟಿವಿಯಿಂದ ಶುರುವಾದ ಆಕ್ಟ್ ಅಷ್ಟರೊಳಗೆ ಫೈಬರ್ ಇಂಟರ್‌ನೆಟ್ಟಿನ ದೊಡ್ಡ ಹೆಸರಾಗಿ ಬೆಳೆದಿತ್ತು.

ಕೊರೊನಾ ಲಾಕ್‌ಡೌನ್ ಕನ್ನಡ ಚಿತ್ರರಂಗವನ್ನು ಓಟಿಟಿಯ ಕಡೆಗೆ ನೂಕಿತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ತನ್ನ ಲಾ ಚಿತ್ರವನ್ನು 2020ರ ಜುಲೈ 17ರಂದು, ಫ್ರೆಂಚ್ ಬಿರಿಯಾನಿಯನ್ನು ಮುಂದಿನ ವಾರ, ಥಿಯೇಟರ್ ಬಿಟ್ಟು ನೇರ ಪ್ರೈಮ್ ವಿಡಿಯೊಗೆ ಕೊಟ್ಟಿತು. ರಾಜ್‌ಕುಮಾರ್ ಕುಟುಂಬದಿಂದಲೇ ಈ ಹೆಜ್ಜೆ ಬಂದದ್ದರಿಂದ ಉಳಿದವರಿಗೂ ಧೈರ್ಯ ಬಂತು. 2022ರಲ್ಲಿ ಇನ್ನೊಂದು ಬಗೆಯ ಪ್ರಯೋಗ. ಏಪ್ರಿಲ್ 14ರಂದು ತೆರೆಕಂಡ ಕೆಜಿಎಫ್ ಚಾಪ್ಟರ್ 2 ಮೇ 16ಕ್ಕೆ ಪ್ರೈಮ್‌ನಲ್ಲಿ 199 ರೂಪಾಯಿ ಬಾಡಿಗೆಗೆ ಸಿಕ್ಕಿತು. ಚಂದಾದಾರರಿಗೆ ಬೇರೆ ದುಡ್ಡಿಲ್ಲದೆ ಸಿಕ್ಕಿದ್ದು ಜೂನ್ 3ಕ್ಕೆ. ಒಂದು ಕನ್ನಡ ಚಿತ್ರಕ್ಕಾಗಿ, ಆ ಚಿತ್ರಕ್ಕಷ್ಟೇ, ಮನೆಯಲ್ಲಿ ಕೂತು ದುಡ್ಡು ಕೊಡುವುದು ಸಾಧ್ಯವೆಂದು ಕಾಣಿಸಿದ್ದು ಆಗ. ಅದೇ ವರ್ಷ ಆಗಸ್ಟ್‌ನಲ್ಲಿ ಸುದೀಪ್ ನಡೆಸಿಕೊಟ್ಟ ಬಿಗ್ ಬಾಸ್ ಕನ್ನಡದ ಒಂದು ಆವೃತ್ತಿ ಟಿವಿಯನ್ನು ಬಿಟ್ಟು ವೂಟ್‌ನಲ್ಲೇ ಹಗಲೂ ರಾತ್ರಿ ಹರಿಯಿತು.

ಭಾಷೆಯ ಆಯ್ಕೆಯೂ ಇದರೊಳಗೇ ಸೇರುತ್ತದೆ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟಳೆ ದಶಕಗಳಿಂದ ಇತ್ತು. ಕನ್ನಡ ಗ್ರಾಹಕರ ಕೂಟ ಸಲ್ಲಿಸಿದ ದೂರಿನ ಮೇಲೆ 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯನ್ನು ಕಾನೂನುಬಾಹಿರ ಎಂದಿತು. 2020ರ ಬೇಸಿಗೆಯಲ್ಲಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಬಂದಾಗ ಜನ ಮುಗಿಬಿದ್ದು ನೋಡಿದರು. ಡಬ್ಬಿಂಗ್ ವಿರೋಧಿಸಿದ ಹಿರಿಯರಿಗೆ ಸ್ಥಳೀಯ ಕಲಾವಿದರ ಕೆಲಸದ ಬಗ್ಗೆ ಇದ್ದ ಭಯ ಸುಳ್ಳಲ್ಲ. ಆದರೆ ಫೋನಿನಲ್ಲಿ ಎಲ್ಲ ಭಾಷೆಯೂ ಒಂದೇ ಬೆರಳಿಗೆ ಸಿಗುವ ಕಾಲದಲ್ಲಿ, ಕನ್ನಡದಲ್ಲಿ ನೋಡಲು ಬಯಸುವವರಿಗೆ ಕನ್ನಡವನ್ನೇ ಕೊಡದಿದ್ದರೆ ಅವರು ಹಿಂದಿಗೋ ತೆಲುಗಿಗೋ ಹೋಗುತ್ತಾರೆ, ಹೋದರು ಕೂಡ.

ಹಾಗಾದರೆ ಈ ವೇದಿಕೆಗಳು ಕನ್ನಡದಲ್ಲಿ ಏನು ತಯಾರಿಸಿದವು? ಬಹಳ ಕಡಿಮೆ. ಹಿಂದಿ, ತಮಿಳು, ತೆಲುಗು, ಮಲಯಾಳಂಗಳಲ್ಲಿ ಸ್ವಂತ ವೆಬ್ ಸರಣಿಗಳು ಸಾಲುಗಟ್ಟಿದಾಗ ಕನ್ನಡದ ಸರದಿ ಬರಲೇ ಇಲ್ಲ ಎನ್ನುವಷ್ಟು ತಡವಾಯಿತು. ಏಕಂ ಅದಕ್ಕೆ ಸಾಕ್ಷಿ. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ನಿರ್ಮಿಸಿದ, ಕರಾವಳಿಯ ಬದುಕಿನ ಏಳು ಬಿಡಿ ಕತೆಗಳ ಸರಣಿ ಅದು. ಚಿತ್ರೀಕರಣ ಮುಗಿದು ವರ್ಷಗಳು ಕಳೆದರೂ ಕೊಳ್ಳುವ ದೊಡ್ಡ ವೇದಿಕೆ ಸಿಗಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಂಡವೇ ಸ್ವಂತ ವೆಬ್‌ಸೈಟ್ ಮಾಡಿ, 149 ರೂಪಾಯಿ ಬೆಲೆ ಇಟ್ಟು ನೇರ ಜನರ ಮುಂದೆ ಬಂತು. ನಡುವೆ ಚಾನೆಲ್ ಇಲ್ಲ, ಆಪರೇಟರ್ ಇಲ್ಲ, ವೇದಿಕೆ ಇಲ್ಲ. 2002ರ ತಿದ್ದುಪಡಿ ಕನಸಿದ್ದ ವ್ಯವಹಾರ ಇದೇ: ಒಂದು ಕೃತಿ, ಒಂದು ಬೆಲೆ, ಬೇಕಾದವರು ಕೊಳ್ಳುತ್ತಾರೆ. ಆದರೆ ಅಲ್ಲಿಗೆ ಹೋಗಬೇಕಾದವರಿಗೆ ಅಂಥದ್ದೊಂದು ಇದೆ ಎಂದು ಮೊದಲು ಗೊತ್ತಾಗಬೇಕು. ಕೇಬಲ್ ಕಾಲದಲ್ಲಿ ರಿಮೋಟ್ ಒತ್ತುತ್ತ ಹೋಗುವಾಗ ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದು, ಎರಡು ನಿಮಿಷ ನಿಂತು, ಆಮೇಲೆ ಪೂರ್ತಿ ನೋಡಿಬಿಡುವ ಅವಕಾಶವಿತ್ತು. ಎಷ್ಟೋ ಒಳ್ಳೆಯ ಕನ್ನಡ ಧಾರಾವಾಹಿಗಳು ಅಂಥ ಅಕಸ್ಮಾತ್ತಿನಿಂದಲೇ ವೀಕ್ಷಕರನ್ನು ಪಡೆದದ್ದು. ಹುಡುಕಿ, ಒತ್ತಿ, ಕಾಸು ಕೊಟ್ಟು ನೋಡುವ ವ್ಯವಸ್ಥೆಯಲ್ಲಿ ಅದಕ್ಕೆ ಜಾಗವಿಲ್ಲ. ಜೀ5 ತನ್ನ ಮೊದಲ ಕನ್ನಡ ಸರಣಿ ಅಯ್ಯನ ಮನೆಯನ್ನು ಹೊರತಂದದ್ದು 2025ರ ಏಪ್ರಿಲ್‌ನಲ್ಲಿ. ಆ ವೇದಿಕೆ ಶುರುವಾಗಿ ಏಳು ವರ್ಷ ಕಳೆದಿತ್ತು.

ಇತ್ತ ಹಳೆಯ ಕಟ್ಟು ಹೊಸ ಹೆಸರಿನಲ್ಲಿ ಮರಳಿ ಬಂತು. 2022ರ ಹರಾಜಿನಲ್ಲಿ ಐದು ವರ್ಷಗಳ ಐಪಿಎಲ್ ಡಿಜಿಟಲ್ ಹಕ್ಕು 23,758 ಕೋಟಿಗೆ ವಯಾಕಾಮ್18ಕ್ಕೆ ಹೋದಾಗ ಅದು ಟಿವಿ ಹಕ್ಕಿನ 23,575 ಕೋಟಿಯನ್ನೂ ದಾಟಿತ್ತು. 2023ರಲ್ಲಿ ಅದೇ ಐಪಿಎಲ್ಲನ್ನು ಆ ಕಂಪನಿಯ ಜಿಯೋಸಿನಿಮಾ ಪುಕ್ಕಟೆ ತೋರಿಸಿತು. 2025ರ ಫೆಬ್ರವರಿ 14ರಂದು ಹಾಟ್‌ಸ್ಟಾರ್ ಮತ್ತು ಜಿಯೋಸಿನಿಮಾ ಕೂಡಿ ಜಿಯೋಹಾಟ್‌ಸ್ಟಾರ್ ಆದವು. ಆ ಸಲದ ಐಪಿಎಲ್ ಸಿಕ್ಕಿದ್ದು ಚಂದಾದಾರರಿಗೆ, ಇಲ್ಲವೇ 299 ಅಥವಾ ಹೆಚ್ಚಿನ ರೀಚಾರ್ಜ್ ಮಾಡಿಸಿದ ಜಿಯೋ ಗ್ರಾಹಕರಿಗೆ. ಆರಂಭದಲ್ಲಿ ವರ್ಷಕ್ಕೆ 499 ಇದ್ದ ಪ್ರೈಮ್ 2021ರ ಕೊನೆಗೆ 1,499ಕ್ಕೆ ಏರಿತ್ತು. 2025ರ ಜೂನ್‌ನಿಂದ ಅದರ ನಡುವೆ ಜಾಹೀರಾತೂ ಬಂತು, ಬೇಡವೆಂದರೆ ತಿಂಗಳಿಗೆ ಇನ್ನೂ 129. ಮನೆಯಲ್ಲಿ ನಾಲ್ಕು ಫೋನು, ಒಂದು ಫೈಬರ್, ಎರಡೋ ಮೂರೋ ಆ್ಯಪ್. ಎಲ್ಲ ಕೂಡಿಸಿದರೆ ಕೇಬಲ್‌ನವರಿಗೆ ಕೊಡುತ್ತಿದ್ದುದರ ಹಲವು ಪಾಲು. ಮತ್ತೆ ನೋಡದ್ದಕ್ಕೇ ಕೊಡುತ್ತಿದ್ದೇವೆ. ಆದರೆ ಈ ಸಲ ಆ ಹಣದಲ್ಲಿ ಕನ್ನಡದ ಪಾಲು ಎಷ್ಟೆಂದು ತೀರ್ಮಾನಿಸುವವರು ನಮ್ಮ ಊರಿನವರಲ್ಲ. ಕಂಟ್ರೋಲ್ ರೂಮಿಗೆ ಹೋಗಿ ನಮ್ಮ ಜಾತ್ರೆ ಏಕೆ ಹಾಕಲಿಲ್ಲ ಎಂದು ಕೇಳುವಂತಿಲ್ಲ.

ಪೇ ಡಿಟಿಎಚ್ ಸಂಪರ್ಕಗಳು 2021ರ ಸುಮಾರಿಗೆ 7 ಕೋಟಿಯ ಹತ್ತಿರ ಇದ್ದವು. 2025ರ ಮಾರ್ಚ್ ವೇಳೆಗೆ 5.7 ಕೋಟಿಗೆ ಇಳಿದವು. ಕೈಯಲ್ಲಿ ಕಾಸಿಲ್ಲದವರು ಒಮ್ಮೆ ಡಿಶ್ ಕೊಂಡರೆ ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಫ್ರೀ ಡಿಶ್‌ಗೆ ಹೋದರು. ಅಲ್ಲಿ ತುಂಬಿರುವುದು ಬಹುಪಾಲು ಹಿಂದಿ. ಬೆಂಗಳೂರಿನ ಸಾಫ್ಟ್‌ವೇರ್ ಮನೆಗೂ ಬೀದರ್‌ನ ಕೂಲಿ ಮನೆಗೂ ಒಂದೇ ಸಂಜೆ ಒಂದೇ ಕನ್ನಡ ಧಾರಾವಾಹಿ ತಲುಪುತ್ತಿದ್ದ ಇಪ್ಪತ್ತು ವರ್ಷಗಳ ಆ ಕಾಲ ಹೀಗೆ ಎರಡು ಕಡೆಯಿಂದಲೂ ಸವೆಯಿತು. ನನಗೆ ನಿಜವಾಗಿ ನೋವು ಕೊಡುವುದು ಇದು.

ಪಕ್ಕದ ಕೇರಳ ಒಂದು ದಾರಿ ಹಿಡಿದಿದೆ. 2024ರ ಮಾರ್ಚ್ 7ರಂದು ಅಲ್ಲಿನ ಸರ್ಕಾರವೇ ಸಿ-ಸ್ಪೇಸ್ ಎಂಬ ಓಟಿಟಿ ಶುರುಮಾಡಿತು. ಚಂದಾ ಇಲ್ಲ. ಒಂದು ಕಥಾಚಿತ್ರಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕರಿಗೆ. ಸರಿಯಾಗಿ ಒಂದು ವರ್ಷದ ಮೇಲೆ, 2025ರ ಮಾರ್ಚ್ 7ರ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡ ಚಿತ್ರಗಳಿಗಾಗಿ ರಾಜ್ಯ ಸರ್ಕಾರದ್ದೇ ಓಟಿಟಿ ವೇದಿಕೆ ತರುವುದಾಗಿ ಘೋಷಿಸಿದರು. ಥಿಯೇಟರ್ ಟಿಕೆಟ್ಟಿಗೆ 200 ರೂಪಾಯಿ ಮಿತಿಯ ಮಾತು ಅದೇ ಭಾಷಣದಲ್ಲಿದ್ದುದರಿಂದ ಪತ್ರಿಕೆಗಳೂ ಚರ್ಚೆಗಳೂ ಅದರ ಹಿಂದೆ ಓಡಿದವು, ಓಟಿಟಿ ಮಾತು ಹಿಂದೆ ಬಿತ್ತು. ಅದನ್ನು ಮುಂದೆ ತರಬೇಕು. ಆ ವೇದಿಕೆಯಲ್ಲಿ ಕಟ್ಟು ಇರುತ್ತದೋ, ಬಿಡಿ ಬೆಲೆ ಇರುತ್ತದೋ. ಚಿತ್ರಗಳನ್ನು ಆರಿಸುವವರು ಯಾರು. ತುಳು, ಕೊಡವ, ಬ್ಯಾರಿ, ಕೊಂಕಣಿ ಚಿತ್ರಗಳಿಗೆ ಬಾಗಿಲಿದೆಯೋ. ಚಂದನದ ಉಗ್ರಾಣದಲ್ಲಿರುವ ಹಳೆಯ ಧಾರಾವಾಹಿಗಳು ಅಲ್ಲಿ ಸಿಗುತ್ತವೆಯೋ: ಇವನ್ನೆಲ್ಲ ಸರ್ಕಾರದ ಮುಂದೆ ಕೇಳಬೇಕಾದವರು ಚಿತ್ರರಂಗದವರಷ್ಟೇ ಅಲ್ಲ, ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವ ನಾವೂ ಹೌದು.